ಹೇಳುವವರು ಡೆಟ್ರಾಯಿಟ್‌ನಲ್ಲಿ, ಬರೆಯುವವರು ಬೆಂಗಳೂರಿನಲ್ಲಿ

ಭಾರತದ ಸಾಫ್ಟ್‌ವೇರ್ ರಫ್ತಿನ ಕತೆಯನ್ನು ಎಲೆಕ್ಟ್ರಾನಿಕ್ಸ್ ಸಿಟಿಯಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಶುರು ಮಾಡುವುದು ರೂಢಿ. ಅದರ ಮೊದಲ ಗಿರಾಕಿ ಮಾತ್ರ ಡೆಟ್ರಾಯಿಟ್‌ನದು. ಕಾರಿನ ಕಂಪನಿಯಲ್ಲ, ಲೆಕ್ಕದ ಯಂತ್ರದ ಕಂಪನಿ. ಬರೋಸ್ ಎಂದು ಹೆಸರು. ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿ 1904ರಲ್ಲಿ ಡೆಟ್ರಾಯಿಟ್‌ಗೆ ಬಂದು, ಬ್ಯಾಂಕು ಅಂಗಡಿಗಳಿಗೆ ಕೂಡುವ ಯಂತ್ರ ಮಾರುತ್ತಲೇ ಕಂಪ್ಯೂಟರಿಗೆ ಇಳಿದಿತ್ತು. (ಅಮೆರಿಕದ ಬಂಡುಕೋರ ಕಾದಂಬರಿಕಾರ ವಿಲಿಯಂ ಬರೋಸ್ ಈ ಮನೆತನದ ಮೊಮ್ಮಗ. ತಾತನ ಶಿಸ್ತು ಮೊಮ್ಮಗನಿಗೆ ಬರಲಿಲ್ಲ ಅನ್ನುವುದು ಬೇರೆ ಮಾತು.)

1974ರಲ್ಲಿ ಬರೋಸ್ ಮುಂಬೈಯ ಟಿಸಿಎಸ್‌ಗೆ ಒಂದು ಕೆಲಸ ಒಪ್ಪಿಸಿತು. ಆಸ್ಪತ್ರೆಗಳ ಲೆಕ್ಕಪತ್ರ ನೋಡಿಕೊಳ್ಳುವ ಕೋಬಾಲ್ ಪ್ರೋಗ್ರಾಮುಗಳನ್ನು ತನ್ನ ಒಂದು ಬಗೆಯ ಕಂಪ್ಯೂಟರಿನಿಂದ ಇನ್ನೊಂದು ಬಗೆಯದಕ್ಕೆ ಒಗ್ಗಿಸಿ ಬರೆಯಬೇಕು. ಟಿಸಿಎಸ್ ಬಳಿ ಬರೋಸ್ ಯಂತ್ರವೇ ಇರಲಿಲ್ಲ. ಇದ್ದದ್ದು ಬ್ರಿಟನ್ನಿನ ಐಸಿಎಲ್. ಆಗ ಟಿಸಿಎಸ್ ನಡೆಸುತ್ತಿದ್ದ ಎಫ್.ಸಿ. ಕೊಹ್ಲಿಯವರ ತಂಡ ಅದರ ಮೇಲೆಯೇ ಕೆಲಸ ಮುಗಿಸಿ ಕಳಿಸಿತು. ಕಣ್ಣಿಗೆ ಕಾಣದ ಯಂತ್ರಕ್ಕೆ, ಕಾಲಿಡದ ಆಸ್ಪತ್ರೆಗಳಿಗೆ, ಹೇಳಿದ್ದನ್ನಷ್ಟೇ ನಂಬಿ ಬರೆದ ಪ್ರೋಗ್ರಾಮು. ಐವತ್ತು ವರ್ಷದ ನಂತರವೂ ಈ ವ್ಯವಹಾರದ ಬಲ ಮತ್ತು ಬಾಧೆ ಎರಡೂ ಅಲ್ಲೇ ಇವೆ.

ಸಂಬಳದ ಅಂತರದಿಂದಾಗಿ ಕೆಲಸ ಅಮೆರಿಕದಿಂದ ಬೆಂಗಳೂರಿಗೆ ಬಂತು ಅನ್ನುವುದು ಎಲ್ಲರಿಗೂ ಗೊತ್ತು, ಅದು ನಿಜವೂ ಹೌದು. ಆದರೆ ಕೆಲಸ ಕೈಗೂಡಿದ್ದಕ್ಕೋ ಕೆಟ್ಟದ್ದಕ್ಕೋ ಸಂಬಳ ಕಾರಣವಲ್ಲ. ಹೀಗೆ ಮಾಡಬೇಕು ಎಂದು ಹೇಳುವವರಿಗೂ ಅದನ್ನು ಕೋಡ್ ಮಾಡುವವರಿಗೂ ನಡುವೆ ಎಷ್ಟು ದೂರ ಬಿತ್ತು ಅನ್ನುವುದೇ ಕಾರಣ. ಆ ದೂರವನ್ನು ಮೈಲಿಯಲ್ಲಿ ಅಳೆಯಲು ಬಾರದು. ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯ ಕಂಪನಿಗಳ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ.

ಮೊದಮೊದಲು ಈ ದೂರವನ್ನು ಮನುಷ್ಯರನ್ನೇ ಸಾಗಿಸಿ ನೀಗಿಕೊಂಡರು. ಡೆಟ್ರಾಯಿಟ್ ಹೊರವಲಯದ ಟ್ರಾಯ್‌ನಲ್ಲಿ ಭರತ್ ದೇಸಾಯಿ, ನೀರಜಾ ಸೇಥಿ 1980ರಲ್ಲಿ ಎರಡು ಸಾವಿರ ಡಾಲರ್ ಬಂಡವಾಳದಲ್ಲಿ ಸಿಂಟೆಲ್ ಕಟ್ಟಿದರು. 2018ರಲ್ಲಿ ಫ್ರಾನ್ಸಿನ ಆಟೋಸ್ ಅದನ್ನು 340 ಕೋಟಿ ಡಾಲರಿಗೆ ಕೊಂಡಿತು. 1985ರಲ್ಲಿ ಹತ್ತಿರದಲ್ಲೇ ರಾಜೇಂದ್ರ ವಟ್ಟಿಕುಟಿ ಇನ್ನೊಂದು ಸಂಸ್ಥೆ ಆರಂಭಿಸಿದರು. ಮುಂದೆ ಅದು ಫಾರ್ಮಿಂಗ್ಟನ್ ಹಿಲ್ಸ್‌ನ ಕೋವಾನ್ಸಿಸ್ ಆಯಿತು. ದೊಡ್ಡ ಕಾರು ಕಂಪನಿಗಳ ಮೇನ್‌ಫ್ರೇಮ್‌ಗಳಿಗೆ ಪ್ರೋಗ್ರಾಮರ್‌ಗಳು ಬೇಕಿದ್ದರು. ಭಾರತದಿಂದ ಬಂದ ಹುಡುಗರು ಅವೇ ಕಚೇರಿಗಳಲ್ಲಿ ಕೂತು, ಪಕ್ಕದ ಮೇಜಿನವರನ್ನೇ ಕೇಳಿ ಬರೆದರು. ಇದನ್ನು ‘ಬಾಡಿ ಶಾಪಿಂಗ್’ ಎಂದು ಹಳಿದವರೇ ಹೆಚ್ಚು. ಹಳಿಯಬೇಕಾದದ್ದು ಇತ್ತು ಕೂಡ. ಆದರೆ ಅರ್ಥವಾಗದ್ದನ್ನು ಆಗಲೇ ಎದ್ದು ಹೋಗಿ ಕೇಳುವ ಅನುಕೂಲ ಆ ವ್ಯವಸ್ಥೆಯಲ್ಲಿತ್ತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕ ಹಾಕಿಕೊಂಡ ಮೇಲೆ ಮನುಷ್ಯರನ್ನು ಸಾಗಿಸುವ ಅಗತ್ಯ ಕಡಿಮೆಯಾಯಿತು. ಈ ದಾರಿಯಲ್ಲಿ ಬಂದವರ ಪೈಕಿ ನನಗೆ ಬಹಳ ಮುಖ್ಯವೆನಿಸುವುದು ಶಿಕಾಗೊ ಪಕ್ಕದ ಶಾಂಬರ್ಗ್‌ನ ಮೊಟೊರೊಲಾ. 1986ರಲ್ಲಿ ‘ಸಿಕ್ಸ್ ಸಿಗ್ಮಾ’ ಎಂಬ ಗುಣಮಟ್ಟದ ಪದ್ಧತಿ ರೂಪಿಸಿದ ಕಂಪನಿ ಇದು. ಪೇಜರ್, ಪೊಲೀಸರ ವಾಕಿಟಾಕಿ, ಮೊಬೈಲ್ ಎಲ್ಲದರಲ್ಲೂ ಮುಂದಿತ್ತು. 1991ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಸಾಫ್ಟ್‌ವೇರ್ ಕೇಂದ್ರ ತೆರೆಯಿತು. ಎರಡೇ ವರ್ಷದಲ್ಲಿ, 1993ರಲ್ಲಿ, ಆ ಕೇಂದ್ರ ಸಿಎಂಎಂ ಐದನೇ ಹಂತ ಮುಟ್ಟಿತು. ಸಿಎಂಎಂ ಅಂದರೆ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ಅಮೆರಿಕದ ರಕ್ಷಣಾ ಇಲಾಖೆಗಾಗಿ ಮಾಡಿದ ಅಳತೆಗೋಲು. ಸಾಫ್ಟ್‌ವೇರ್ ತಂಡ ಎಷ್ಟು ಕ್ರಮಬದ್ಧ ಎಂದು ಐದು ಹಂತಗಳಲ್ಲಿ ಅಳೆಯುತ್ತದೆ. ಅದಕ್ಕೂ ಮೊದಲು ಆ ತುದಿ ಮುಟ್ಟಿದ್ದು ಹೂಸ್ಟನ್‌ನಲ್ಲಿ ಬಾಹ್ಯಾಕಾಶ ನೌಕೆಯ ಸಾಫ್ಟ್‌ವೇರ್ ಬರೆಯುತ್ತಿದ್ದ ಐಬಿಎಂ ತಂಡ ಮಾತ್ರ.

‘ಅಗ್ಗದ ಕೂಲಿ’ ಎಂದು ಮೂಗು ಮುರಿಯುವವರು ಈ ಒಂದು ಸಂಗತಿಗೆ ಉತ್ತರ ಹೇಳಬೇಕು. ಅಗ್ಗ ಹೌದು. ಆದರೆ ಶಾಂಬರ್ಗ್ ಅಲ್ಲಿಗೆ ಕಳಿಸಿದ್ದು ಕೆಲಸವನ್ನಷ್ಟೇ ಅಲ್ಲ. ತನ್ನ ಗುಣಮಟ್ಟದ ಪಾಠವನ್ನೂ ಕಳಿಸಿತ್ತು. ಬೆಂಗಳೂರಿನವರು ಗುತ್ತಿಗೆದಾರರಲ್ಲ, ಕಂಪನಿಯ ಸ್ವಂತ ನೌಕರರು. ತಪ್ಪು ಎಲ್ಲಿ ಹುಟ್ಟಿತು, ಯಾವ ಹಂತದಲ್ಲಿ ಸಿಕ್ಕಿತು ಎಂದು ಲೆಕ್ಕ ಇಡುವ ರೂಢಿ ಅಲ್ಲಿಂದ ಊರಿನ ಉಳಿದ ಕಂಪನಿಗಳಿಗೂ ಹರಡಿತು. ಹತ್ತೇ ವರ್ಷದಲ್ಲಿ ಸಿಎಂಎಂ ಐದನೇ ಹಂತದ ಫಲಕ ಇಲ್ಲದ ಕಂಪನಿ ಬೆಂಗಳೂರಿನಲ್ಲಿ ನಾಚಿಕೊಳ್ಳಬೇಕಾದ ಸ್ಥಿತಿ ಬಂತು. ಫಲಕ ಹೆಚ್ಚಾದಂತೆ ಅದರ ಬೆಲೆ ಇಳಿಯಿತು ಎಂದೂ ಸೇರಿಸಬೇಕು.

ಜನರಲ್ ಮೋಟರ್ಸ್‌ನ (ಜಿಎಂ) ಕತೆಯದು ಪೂರ್ತಿ ಬೇರೆ ದಾರಿ. 1984ರಲ್ಲಿ ಅದು ರಾಸ್ ಪೆರೊ ಅವರ ಇಡಿಎಸ್ ಕಂಪನಿಯನ್ನು 250 ಕೋಟಿ ಡಾಲರಿಗೆ ಕೊಂಡು ತನ್ನ ಕಂಪ್ಯೂಟರ್ ಕೆಲಸವನ್ನೆಲ್ಲ ಅದಕ್ಕೆ ವಹಿಸಿತು. 1996ರಲ್ಲಿ ಇಡಿಎಸ್ಸನ್ನು ಬೇರ್ಪಡಿಸಿತು. ಕೆಲಸ ಬಲ್ಲವರೂ ಅದರ ಜೊತೆಗೇ ಹೊರಗೆ ಹೋದರು. 2006ರಲ್ಲಿ ಕೆಲಸ ಹಂಚಿ ಹೊಸ ಗುತ್ತಿಗೆಗಳನ್ನು ಕೊಟ್ಟಾಗ ಇಡಿಎಸ್, ಎಚ್‌ಪಿ, ಐಬಿಎಂಗಳ ಸಾಲಿನಲ್ಲಿ ಬೆಂಗಳೂರಿನ ವಿಪ್ರೊ ಕೂಡ ಇತ್ತು. ವಿಪ್ರೊ ಕಚೇರಿ ಇರುವ ಸರ್ಜಾಪುರ ರಸ್ತೆಯಲ್ಲಿ ಅದು ಹಬ್ಬದಂಥ ಸುದ್ದಿ. 2008ರಲ್ಲಿ ಇಡಿಎಸ್ ಎಚ್‌ಪಿಯ ಪಾಲಾಯಿತು. ಮಾರನೇ ವರ್ಷ ಜೂನ್‌ನಲ್ಲಿ ಜಿಎಂ ದಿವಾಳಿ ಅರ್ಜಿ ಹಾಕಿತು.

2012ರಲ್ಲಿ ರ‍್ಯಾಂಡಿ ಮಾಟ್ ಎಂಬುವರು ಐಟಿ ಮುಖ್ಯಸ್ಥರಾಗಿ ಬಂದಾಗ ಜಿಎಂನ ಐಟಿ ಕೆಲಸದಲ್ಲಿ ಶೇ 90ರಷ್ಟು ಹೊರಗಿನವರ ಕೈಯಲ್ಲಿತ್ತು. ಇದನ್ನು ತಿರುಗಿಸಿ ಶೇ 90ರಷ್ಟನ್ನು ಒಳಗೇ ಮಾಡುತ್ತೇವೆ ಎಂದು ಅವರು ಸಾರಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಎಚ್‌ಪಿಯಿಂದ ಮೂರು ಸಾವಿರ ಜನರನ್ನು ಒಮ್ಮೆಲೇ ಸೇರಿಸಿಕೊಂಡರು. ಆ ಮೂರು ಸಾವಿರ ಜನ ಎಚ್‌ಪಿಯಲ್ಲಿ ಮಾಡುತ್ತಿದ್ದದ್ದೂ ಜಿಎಂ ಕೆಲಸವನ್ನೇ! ತನ್ನ ಕಾರ್ಖಾನೆ, ತನ್ನ ಡೀಲರು, ತನ್ನ ಬಿಡಿಭಾಗದ ಲೆಕ್ಕ ಹೇಗೆ ಓಡುತ್ತದೆ ಎಂದು ಬಲ್ಲವರನ್ನು ಕಂಪನಿ ಹೊರಗೆ ಕಳಿಸಿ, ವರ್ಷಗಟ್ಟಲೆ ಬಾಡಿಗೆ ಕೊಟ್ಟು, ಕೊನೆಗೆ ಮತ್ತೆ ನೌಕರಿ ಕೊಟ್ಟು ಕರೆಸಿಕೊಂಡಿತು. ಈ ಸುತ್ತಿನಲ್ಲಿ ಹೊರಗು ಅಂದರೆ ಬರೀ ಹೊರದೇಶವಲ್ಲ ಎಂಬುದನ್ನು ಗಮನಿಸಬೇಕು. ಡೆಟ್ರಾಯಿಟ್ ಇರುವ ಅದೇ ಮಿಶಿಗನ್‌ನಲ್ಲಿ ಕೂತಿದ್ದವರೂ ಒಪ್ಪಂದದ ಕಾಗದದ ಆಚೆ ಇದ್ದರೆ ಹೊರಗಿನವರೇ.

ಇದೇ ಜಿಎಂ 2003ರಿಂದ ಬೆಂಗಳೂರಿನಲ್ಲಿ ಸ್ವಂತ ತಾಂತ್ರಿಕ ಕೇಂದ್ರ ನಡೆಸುತ್ತಿದೆ. 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದರೂ ಕೇಂದ್ರ ಮುಚ್ಚಲಿಲ್ಲ. ಷೆವರ್ಲೆ ಷೋರೂಮುಗಳ ಬೋರ್ಡು ಇಳಿದ ಊರಿನಲ್ಲಿ, ಇಲ್ಲಿನ ರಸ್ತೆಗೆ ಎಂದೂ ಬಾರದ ಕಾರುಗಳ ಕೆಲಸ ಮುಂದುವರಿಯಿತು.

ಹೇಳುವವರ ತಪ್ಪನ್ನು ಬರೆಯುವವರ ತಲೆಗೆ ಕಟ್ಟುವುದೂ ಈ ವ್ಯವಹಾರದಲ್ಲಿ ಹಳೆಯದು. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಬಿದ್ದು 346 ಜನ ಸತ್ತಾಗ ಬೋಯಿಂಗ್ ಮುಖ್ಯ ಕಚೇರಿ ಶಿಕಾಗೊದಲ್ಲಿತ್ತು. ಗಂಟೆಗೆ ಒಂಬತ್ತು ಡಾಲರಿನ ಭಾರತೀಯ ಗುತ್ತಿಗೆ ಎಂಜಿನಿಯರ್‌ಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ದುರಂತಕ್ಕೆ ಕಾರಣವಾದ ಎಂಕ್ಯಾಸ್ ಎಂಬ ನಿಯಂತ್ರಣ ವ್ಯವಸ್ಥೆಯ ಕೆಲಸದಲ್ಲಿ ಅವರಿರಲಿಲ್ಲ ಎಂದು ಕಂಪನಿಯೇ ಹೇಳಿತು. ಒಂದೇ ಒಂದು ಸೆನ್ಸರ್ ಹೇಳಿದ್ದನ್ನು ನಂಬಿ ವಿಮಾನದ ಮೂತಿಯನ್ನು ಕೆಳಗೆ ತಳ್ಳು ಎಂಬುದು ವಿನ್ಯಾಸದಲ್ಲೇ ಇತ್ತು. ಸಾಫ್ಟ್‌ವೇರ್ ಹೇಳಿದ ಹಾಗೆಯೇ ನಡೆದುಕೊಂಡಿತು. ಅಳತೆಗೆ ಕೊಟ್ಟ ಹಳೆಯ ಅಂಗಿ ಹರಿದಿತ್ತೆಂದು ಹೊಸ ಅಂಗಿಯನ್ನೂ ಅದೇ ಜಾಗದಲ್ಲಿ ಹರಿದು ಕೊಟ್ಟ ದರ್ಜಿಯ ಹಾಗೆ. ಇಷ್ಟಾದರೂ 2024ರ ಜನವರಿಯಲ್ಲಿ ಬೋಯಿಂಗ್ ದೇವನಹಳ್ಳಿ ಬಳಿ 43 ಎಕರೆಯಲ್ಲಿ 1,600 ಕೋಟಿ ರೂಪಾಯಿಯ ಸ್ವಂತ ಕೇಂದ್ರ ತೆರೆಯಿತು.

ಕೆಲಸ ಕಳೆದುಕೊಂಡವರ ಮಾತು ಬಿಟ್ಟರೆ ಲೇಖನ ಅರ್ಧವಾದೀತು. 2016ರಲ್ಲಿ ಶಿಕಾಗೊದ ಉತ್ತರಕ್ಕಿರುವ ಅಬಾಟ್ ಔಷಧ ಕಂಪನಿ ಸುಮಾರು 180 ಐಟಿ ನೌಕರರನ್ನು ತೆಗೆದು ಕೆಲಸವನ್ನು ವಿಪ್ರೊಗೆ ಒಪ್ಪಿಸಲು ಹೊರಟಿತು. ಇಲಿನಾಯ್ ಸೆನೆಟರ್ ಡಿಕ್ ಡರ್ಬಿನ್ ಪ್ರತಿಭಟಿಸಿ ಪತ್ರ ಬರೆದರು, ಕಂಪನಿ ಹಿಂದೆಗೆಯಲಿಲ್ಲ. ಹೋಗುವವರು ಬರುವವರಿಗೆ ಕೆಲಸ ಕಲಿಸಿ ಹೋಗುವುದು ಇಂಥ ಕಡೆಯೆಲ್ಲ ಇರುವ ಪದ್ಧತಿ. ಬೆಂಗಳೂರಿನಲ್ಲಿ ಇದಕ್ಕೆ ‘ಕೆಟಿ’ (ನಾಲೆಡ್ಜ್ ಟ್ರಾನ್ಸ್‌ಫರ್) ಅನ್ನುತ್ತಾರೆ. ‘ಕೆಟಿ ಮುಗೀತಾ?’ ಎಂದು ಕ್ಯಾಂಟೀನಿನಲ್ಲಿ ಕೇಳುವಷ್ಟು ಸಲೀಸು. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಕೆಲವು ವಾರಗಳ ವಿಡಿಯೊ ಕರೆಗಳಲ್ಲಿ ಹೇಳಿ ಮುಗಿಸಬೇಕಾದವನು, ಅದೂ ನೌಕರಿ ಹೋಗಲಿರುವವನು, ಎಷ್ಟು ಹೇಳಿಯಾನು? ಕೇಳುವ ಹುಡುಗಿ ಎಷ್ಟು ಚುರುಕಾಗಿದ್ದರೂ ಹೇಳದ್ದನ್ನು ಕೇಳಿಸಿಕೊಳ್ಳಲಾರಳು. ಅನ್ಯಾಯ ಅವನಿಗಾಯಿತು, ಕಷ್ಟ ಅವಳ ಪಾಲಿಗೂ ಬಂತು. ಲಾಭದ ಲೆಕ್ಕದಲ್ಲಿ ಎರಡೂ ಕಾಣುವುದಿಲ್ಲ.

ಕನ್ನಡಿಗರಿಗೆ ಈ ಜಗಳ ಹೊರಗಿನದಲ್ಲ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಮಿಶಿಗನ್‌ನ ಪಂಪ ಕನ್ನಡ ಕೂಟಗಳ ಯುಗಾದಿ ಪಂಕ್ತಿಯಲ್ಲಿ ಆನ್‌ಸೈಟ್‌ಗೆಂದು (ಗಿರಾಕಿಯ ಕಚೇರಿಯಲ್ಲೇ ಕೂತು ಕೆಲಸ ಮಾಡಲು) ಹೊಸದಾಗಿ ಬಂದವರೂ, ಹಿಂದೆ ಹಾಗೆಯೇ ಬಂದು ಈಗ ಅಮೆರಿಕದ ಪ್ರಜೆಗಳಾದವರೂ ಒಟ್ಟಿಗೆ ಹೋಳಿಗೆ ತಿನ್ನುತ್ತಾರೆ. ಮನೆಸಾಲ ತೀರಿಸುತ್ತಿರುವ ಹಿರಿಯನ ಕೆಲಸ ಹೋಗುವುದು ಬೆಂಗಳೂರಿಗೇ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದಾಗ ಡಾಟ್‌ಕಾಂ ಕುಸಿತದ ನೋವು ಆರಿರಲಿಲ್ಲ. 2008ರ ಆಗಸ್ಟ್ ಕೊನೆಗೆ ಶಿಕಾಗೊದಲ್ಲಿ ಸೇರಿದ ಎರಡೇ ವಾರಕ್ಕೆ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಶಿಕಾಗೊದವರೇ ಆದ ಬರಾಕ್ ಒಬಾಮ 2009ರ ಮೇನಲ್ಲಿ ಬಫೆಲೊ ಬದಲು ಬೆಂಗಳೂರಿನಲ್ಲಿ ಉದ್ಯೋಗ ಕೊಟ್ಟವರಿಗೆ ತೆರಿಗೆ ಕಡಿಮೆಯಾಗುವ ಕಾನೂನನ್ನು ಟೀಕಿಸಿದಾಗ, ಇಲ್ಲಿನ ಟೀವಿಗಳು ಅದನ್ನು ಊರಿಗೇ ಮಾಡಿದ ಅವಮಾನವೆಂಬಂತೆ ತೋರಿಸಿದವು.

ಇನ್ನು ಗಡಿಯಾರದ ಮಾತು. ಅವರು ಮಲಗಿರುವಾಗ ನಾವು ದುಡಿಯುತ್ತೇವೆ, ಕೆಲಸ ಇಪ್ಪತ್ತನಾಲ್ಕು ಗಂಟೆಯೂ ಸಾಗುತ್ತದೆ ಎಂದು ಮಾರಾಟದವರು ಹೇಳುತ್ತಿದ್ದರು. ಕೋಡ್ ಬರೆಯುವವರ ಅನುಭವ ಬೇರೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಹುಟ್ಟಿದ ಒಂದು ಸಣ್ಣ ಅನುಮಾನಕ್ಕೆ ಉತ್ತರ ಸಿಗಬೇಕಾದರೆ ಶಿಕಾಗೊದಲ್ಲಿ ಬೆಳಗಾಗಿ ಕಚೇರಿ ತೆರೆಯಬೇಕು: ಬೇಸಿಗೆಯಲ್ಲಿ ನಮ್ಮ ಸಂಜೆ ಏಳೂವರೆ, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಎಂಟೂವರೆ. ಕೇಳಲು ಒಂದು ದಿನ ಹೋಯಿತು. ಕೇಳದೆ ಊಹಿಸಿ ಬರೆದರೆ ವಾರವೇ ಹೋಗಬಹುದು. ಇದಕ್ಕೆಂದೇ ಎರಡೂ ಕಡೆಯ ಮಾತು ಬಲ್ಲ ಆನ್‌ಸೈಟ್ ಕೋಆರ್ಡಿನೇಟರ್ ಒಬ್ಬ ಅಲ್ಲಿರುತ್ತಾನೆ. ಸಾಮಾನ್ಯವಾಗಿ ಎಚ್-1ಬಿ ವೀಸಾದವನು, ಎರಡೂ ಕಡೆಯ ಬೈಗುಳಕ್ಕೆ ಗುರಿಯಾದವನು.

2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆಡಳಿತ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ್ದು ಈ ಮನುಷ್ಯನ ಮೇಲೆ. ಅವನಿಲ್ಲವೆಂದು ಕೆಲಸ ಶಿಕಾಗೊದಲ್ಲೇ ಉಳಿಯುತ್ತದೆ ಎಂದು ನನಗನ್ನಿಸುವುದಿಲ್ಲ. ಕಂಪನಿಗಳು ಈಗಾಗಲೇ ಇನ್ನೊಂದು ದಾರಿ ಹಿಡಿದಿವೆ. ಬರೆಯುವವರ ಜೊತೆಗೆ ಹೇಳುವವರನ್ನೂ, ಅಂದರೆ ಏನು ಮಾಡಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಮ್ಯಾನೇಜರ್, ಆರ್ಕಿಟೆಕ್ಟ್‌ಗಳನ್ನೂ, ಬೆಂಗಳೂರಿನ ಸ್ವಂತ ಕೇಂದ್ರಗಳಲ್ಲೇ ಕೂರಿಸುವ ದಾರಿ. 2029ರೊಳಗೆ ಇಂಥ ಇನ್ನೂ 500 ಕೇಂದ್ರಗಳನ್ನು ತರುವುದು ಕರ್ನಾಟಕ ಸರ್ಕಾರ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ನೀತಿಯ ಗುರಿ. ಅದೇ ವರ್ಷ ಆಗಸ್ಟ್‌ನಲ್ಲಿ ಜಿಎಂ ಸಾವಿರಕ್ಕೂ ಹೆಚ್ಚು ಸಾಫ್ಟ್‌ವೇರ್ ನೌಕರರನ್ನು ತೆಗೆಯಿತು. ಅವರಲ್ಲಿ ಸುಮಾರು 600 ಜನ ಡೆಟ್ರಾಯಿಟ್ ಪಕ್ಕದ ವಾರೆನ್‌ನವರು, ಅದಕ್ಕೂ ಹನ್ನೆರಡು ವರ್ಷ ಮೊದಲು ರ‍್ಯಾಂಡಿ ಮಾಟ್ ಕೆಲಸವನ್ನು ಒಳಕ್ಕೆ ಕರೆತರುತ್ತೇವೆಂದು ಹೊಸ ಕೇಂದ್ರ ತೆರೆದಿದ್ದ ಊರಿನವರು.