ಪ್ರತಿಬಿಂಬವೂ ಪ್ರತಿಯೂ: ಗಣಕಯಂತ್ರದಲ್ಲಿರುವ ಹಸ್ತಪ್ರತಿ ಚಿತ್ರಗಳ ರಕ್ಷಣೆ

ಬೆಳುಗಲಿ ನಾಡಿನ ಜಂಬುಖಂಡಿ ಎಪ್ಪತ್ತರೊಳಗಿನ ಮುದುವೊಳಲು ತನ್ನ ಹುಟ್ಟೂರೆಂದು ರನ್ನ ಕವಿಯು ಹೇಳಿಕೊಂಡಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಆ ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಮುಧೋಳ. 949ರಲ್ಲಿ ಜನಿಸಿದ ಈ ಕವಿಯು 993ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಅದೂ ಗದಾಯುದ್ಧವೂ ನಮಗೆ ಉಳಿದಿವೆ. ಆತನವೇ ಎನ್ನಲಾದ ಪರಶುರಾಮಚರಿತ, ಚಕ್ರೇಶ್ವರಚರಿತಗಳು ಈವರೆಗೆ ದೊರೆತಿಲ್ಲ. ರನ್ನನಿಗಿಂತ ಹಿರಿಯನಾದ ಪೊನ್ನನ ವಿಷಯವೂ ಹೀಗೆಯೇ. ಆತನ ಶಾಂತಿಪುರಾಣ ಲಭ್ಯವಿದೆ, ಭುವನೈಕರಾಮಾಭ್ಯುದಯ ಲಭ್ಯವಿಲ್ಲ. ರನ್ನನ ಆಶ್ರಯದಾತೆಯಾದ ಅತ್ತಿಮಬ್ಬೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಒಂದು ಗ್ರಂಥದ ಉಳಿವಿಗೆ ಇದೊಂದೇ ಕಾರಣವೆಂದು ಸಾಧಿಸಲು ಬರುವುದಿಲ್ಲವಾದರೂ ಶಾಸ್ತ್ರದಾನದ ಈ ಕ್ರಮದಲ್ಲಿ ಅಡಗಿರುವ ವಿವೇಕವನ್ನು ಗಮನಿಸಬೇಕು. ಆ ಪ್ರತಿಗಳು ಒಂದೇ ಭಂಡಾರದಲ್ಲಿ ಉಳಿಯಲಿಲ್ಲ. ಬೇರೆ ಬೇರೆ ಕೈಗಳನ್ನು, ಬೇರೆ ಬೇರೆ ಊರುಗಳನ್ನು ಸೇರಿದವು.

ಇಂದು ಓಲೆಗರಿಗಳನ್ನೂ ಕಾಗದದ ಪ್ರತಿಗಳನ್ನೂ ಕ್ಯಾಮೆರಾದಿಂದ ಚಿತ್ರಿಸಿ ಗಣಕಯಂತ್ರದಲ್ಲಿ ಸಂಗ್ರಹಿಸುವ ಕಾರ್ಯವು ಎಲ್ಲೆಡೆ ನಡೆದಿದೆ. ಮೂಲ ಓಲೆಯು ಗೆದ್ದಲಿಗೋ ಶೈಥಿಲ್ಯಕ್ಕೋ ತುತ್ತಾದರೆ ಚಿತ್ರವೇ ಏಕೈಕ ಆಧಾರವಾಗಿ ಉಳಿಯುವುದು. ಆದ್ದರಿಂದ ಚಿತ್ರದ ರಕ್ಷಣೆಯು ಮೂಲದ ರಕ್ಷಣೆಯಷ್ಟೇ ಗುರುತರವಾದುದು. ಈ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹುವಾಗಿ ಹರಡಿದೆ. ಗಣಕಯಂತ್ರದೊಳಗೆ ಎರಡು ಡಿಸ್ಕುಗಳನ್ನು ಜೋಡಿಸಿ ಒಂದರಲ್ಲಿದ್ದುದೆಲ್ಲ ಮತ್ತೊಂದರಲ್ಲಿಯೂ ಇರುವಂತೆ ಮಾಡಿದರೆ ಗ್ರಂಥಕ್ಕೆ ಎರಡು ಪ್ರತಿಗಳಾದವು, ಇನ್ನು ಚಿಂತೆಯಿಲ್ಲ ಎಂಬುದೇ ಆ ತಿಳಿವಳಿಕೆ. ಈ ಜೋಡಣೆಗೆ ಮಿರರಿಂಗ್ ಎಂದು ಹೆಸರು. ಕನ್ನಡದಲ್ಲಿ ಪ್ರತಿಬಿಂಬನ ಎನ್ನಬಹುದು. ಬ್ಯಾಕಪ್ ಎಂಬುದು ಬೇರೆಯೇ ಆದ ವಿಧಾನ. ಕನ್ನಡಿಯೊಳಗಿನ ಬಿಂಬಕ್ಕೂ ಲಿಪಿಕಾರನು ಬರೆದ ಪ್ರತಿಗೂ ಇರುವ ಅಂತರವೇ ಇವೆರಡಕ್ಕೂ ಇದೆ.

ಪ್ರತಿಬಿಂಬನದ ರೀತಿ ಸರಳವಾದುದು. ಯಂತ್ರವು ಏನನ್ನು ಬರೆದರೂ ಎರಡೂ ಡಿಸ್ಕುಗಳ ಮೇಲೆ ಬರೆಯುತ್ತದೆ. ಒಂದು ಡಿಸ್ಕ್ ಕೆಟ್ಟರೆ ಮತ್ತೊಂದು ಕೆಲಸವನ್ನು ಮುಂದುವರಿಸುತ್ತದೆ. ಹೊಸ ಡಿಸ್ಕನ್ನು ಕೂಡಿಸಿದಾಗ ಉಳಿದುದರಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು ಪ್ರಕಟಿಸಿದ ಪ್ರಬಂಧದಲ್ಲಿ ಡಿಸ್ಕ್ ಸಮೂಹಗಳ ವರ್ಗೀಕರಣವಿದೆ. ಅದಕ್ಕೂ ಮುಂಚಿನಿಂದ ಬಳಕೆಯಲ್ಲಿದ್ದ ಈ ಕ್ರಮವು ಅಲ್ಲಿ ಮೊದಲನೆಯ ವರ್ಗವಾಗಿ ಎಣಿಕೆಯಾಗಿದೆ. ಇಂದಿಗೂ ರೈಡ್ ಒಂದು ಎಂದು ಕರೆಯುವುದು ಇದನ್ನೇ. ಇದರ ಪ್ರಯೋಜನ ಕೆಲಸ ನಿಲ್ಲದಿರುವುದು. ಬ್ಯಾಂಕಿನಂಥ ಕಡೆ ಅರ್ಧ ತಾಸು ನಿಂತರೂ ನಷ್ಟವಿದೆ. ಹಸ್ತಪ್ರತಿ ಭಂಡಾರದಲ್ಲಿ ಎರಡು ದಿನ ನಿಂತರೂ ನಷ್ಟವಿಲ್ಲ. ಅಲ್ಲಿ ನಷ್ಟವೆಂದರೆ ಗ್ರಂಥದ ನಷ್ಟವೇ.

ಪ್ರತಿಬಿಂಬನವು ಏನನ್ನು ಕಾಯುವುದಿಲ್ಲ ಎಂಬುದನ್ನು ಪ್ರತಿ ಮಾಡುವವರ ಅನುಭವದಿಂದಲೇ ಗ್ರಹಿಸಬಹುದು. ಒಬ್ಬನು ಓದುತ್ತಿರಲು ಇಬ್ಬರು ಲಿಪಿಕಾರರು ಏಕಕಾಲಕ್ಕೆ ಬರೆಯುತ್ತಿದ್ದಾರೆಂದು ಭಾವಿಸೋಣ. ಓದುವವನು ಒಂದು ಗಾಹೆಯನ್ನು ಬಿಟ್ಟರೆ ಎರಡೂ ಪ್ರತಿಗಳಲ್ಲಿ ಗ್ರಂಥಪಾತವಾಗುತ್ತದೆ. ಹೀಗೆಯೇ, ಕೆಲಸಗಾರನು ಒಂದು ಗ್ರಂಥದ ಚಿತ್ರಗಳನ್ನು ಕೈತಪ್ಪಿ ಅಳಿಸಿದರೆ ಅವು ಎರಡೂ ಡಿಸ್ಕುಗಳಿಂದ ಅದೇ ಕ್ಷಣದಲ್ಲಿ ಅಳಿಯುತ್ತವೆ. ಎರಡನೆಯ ಡಿಸ್ಕಿಗೆ ನಿನ್ನೆಯ ನೆನಪಿಲ್ಲ. ಈ ಕ್ಷಣದ ಸ್ಥಿತಿಯೊಂದೇ ಅದಕ್ಕೆ ಗೊತ್ತು.

ಇನ್ನೂ ಸೂಕ್ಷ್ಮವಾದ ಒಂದು ದೋಷವುಂಟು. ಕಾಲಾಂತರದಲ್ಲಿ ಒಂದು ಡಿಸ್ಕಿನಲ್ಲಿ ಯಾವ ಸೂಚನೆಯೂ ಇಲ್ಲದೆ ಒಂದೆರಡು ಅಂಶಗಳು ಪಲ್ಲಟಗೊಳ್ಳಬಹುದು. ಆಗ ಎರಡು ಡಿಸ್ಕುಗಳಲ್ಲಿ ಎರಡು ಪಾಠಗಳಾಗುತ್ತವೆ. ಯಾವುದು ಶುದ್ಧಪಾಠ? ಸಾಮಾನ್ಯ ಪ್ರತಿಬಿಂಬನ ವ್ಯವಸ್ಥೆಗೆ ಇದನ್ನು ನಿರ್ಣಯಿಸುವ ಶಕ್ತಿಯಿಲ್ಲ. ಎರಡೇ ಮಾತೃಕೆಗಳಿದ್ದು ಅವು ಭಿನ್ನವಾದಾಗ, ಮೂರನೆಯ ಸಾಕ್ಷ್ಯವಿಲ್ಲದೆ ಸಂಪಾದಕನು ಪಡುವ ಕಷ್ಟ ಓದುಗರಿಗೆ ಹೊಸದಲ್ಲ. ಆದರೆ ಸಂಪಾದಕನಿಗೆ ಛಂದಸ್ಸು, ಅರ್ಥ, ಸಂದರ್ಭಗಳ ನೆರವಾದರೂ ಉಂಟು. ಯಂತ್ರಕ್ಕೆ ಅದೂ ಇಲ್ಲ. ಜೆಡ್‌ಎಫ್‌ಎಸ್‌ನಂಥ ಕೆಲವು ವ್ಯವಸ್ಥೆಗಳು ಪ್ರತಿಯೊಂದು ಭಾಗಕ್ಕೂ ಪರಿಶೀಲನಾಂಕವನ್ನು ಬರೆದಿಟ್ಟುಕೊಂಡು ಕೆಟ್ಟುದನ್ನು ಗುರುತಿಸಬಲ್ಲವು. ಅವುಗಳಿಂದಲೂ ಕೈತಪ್ಪಿ ಅಳಿಸಿದ್ದು ಮರಳಿ ಬಾರದು.

ಎರಡೂ ಡಿಸ್ಕುಗಳು ಒಂದೇ ಪೆಟ್ಟಿಗೆಯಲ್ಲಿವೆ ಎಂಬುದನ್ನಂತೂ ಮರೆಯಲಾಗದು. ಸಾಮಾನ್ಯವಾಗಿ ಒಂದೇ ದಿನ ಕೊಂಡ, ಒಂದೇ ತಯಾರಿಕೆಯ, ಒಂದೇ ವಯಸ್ಸಿನ ಡಿಸ್ಕುಗಳವು. ಸಿಡಿಲಿನಿಂದಲೋ ವಿದ್ಯುತ್ತಿನ ಏರುಪೇರಿನಿಂದಲೋ ಕೆಡುವುದಾದರೆ ಒಟ್ಟಿಗೆ ಕೆಡುತ್ತವೆ. ಕಳುವಾದರೆ ಒಟ್ಟಿಗೆ ಹೋಗುತ್ತವೆ. ಪ್ರತಿಗಳ ಸಂಖ್ಯೆ ಹೆಚ್ಚಿದ್ದೂ ಸ್ಥಳ ಒಂದೇ ಆಗಿದ್ದರೆ ಏನಾಗಬಹುದೆಂಬುದಕ್ಕೆ ಮೂಡಬಿದಿರೆಯ ನಿದರ್ಶನವಿದೆ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ, 72,000 ಶ್ಲೋಕ ಪ್ರಮಾಣದ ಧವಲಾ ಟೀಕೆಯ ಪ್ರಾಚೀನ ಓಲೆಪ್ರತಿಗಳು ಅಲ್ಲಿಯ ಸಿದ್ಧಾಂತ ಬಸದಿಯೊಂದರಲ್ಲಿ ಮಾತ್ರ ಶತಮಾನಗಳ ಕಾಲ ಉಳಿದಿದ್ದವು. ಆ ಬಸದಿಗೆ ಬೆಂಕಿ ತಗುಲಿದ್ದರೆ ಷಟ್ಖಂಡಾಗಮವು ಹೆಸರಾಗಿ ಮಾತ್ರ ಉಳಿಯುತ್ತಿತ್ತು. 19ನೆಯ ಶತಮಾನದ ಕೊನೆಯಿಂದ ಪ್ರತಿಗಳನ್ನು ಮಾಡುವ ಕೆಲಸ ಆರಂಭವಾಗಿ, ಅವು ಉತ್ತರಕ್ಕೆ ತಲುಪಿ, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಗ್ರಂಥವು ಮುದ್ರಣಗೊಂಡ ಮೇಲೆಯೇ ಆ ಭಯ ನೀಗಿತು. ಕಾದವರ ಶ್ರದ್ಧೆ ದೊಡ್ಡದು. ಅಪಾಯವೂ ಅಷ್ಟೇ ದೊಡ್ಡದಾಗಿತ್ತು.

ಬ್ಯಾಕಪ್ ಎಂದರೆ ಕಾಲದಲ್ಲಿಯೂ ಸ್ಥಳದಲ್ಲಿಯೂ ಮೂಲದಿಂದ ಬೇರ್ಪಟ್ಟ ಪ್ರತಿ. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳ ಮೇಲೆ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಎಂಬ ನಿಯಮವು ಈಗ ರೂಢವಾಗಿದೆ. ಇದರ ಹೊರೆ ದೊಡ್ಡದೇನಲ್ಲ. 200 ಓಲೆಗಳ ಗ್ರಂಥಕ್ಕೆ ಎರಡು ಮಗ್ಗುಲು ಸೇರಿ 400 ಚಿತ್ರಗಳು. ಸಂಕೋಚಿಸದ ಚಿತ್ರವೊಂದಕ್ಕೆ 60 ಮೆಗಾಬೈಟ್ ಹಿಡಿದರೆ ಗ್ರಂಥಕ್ಕೆ 24 ಗಿಗಾಬೈಟ್ ಆಗುತ್ತದೆ. ಅಂಥ ನೂರು ಗ್ರಂಥಗಳು 2.4 ಟೆರಾಬೈಟ್, 4 ಟೆರಾಬೈಟಿನ ಒಂದು ಡಿಸ್ಕಿನಲ್ಲಿ ಹಿಡಿಯುತ್ತವೆ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ನಕಲು ಮಾಡಲು ಸುಮಾರು ನಾಲ್ಕೂವರೆ ತಾಸು ಸಾಕು. ಒಂದು ಓಲೆಪ್ರತಿಯನ್ನು ಕಂಠದಿಂದ ಕೊರೆಯಲು ತಿಂಗಳುಗಟ್ಟಲೆ ಶ್ರಮಿಸಿದವರ ಮುಂದೆ ಇದನ್ನು ಶ್ರಮವೆಂದು ಹೇಳಲು ಸಂಕೋಚವಾಗಬೇಕು.

ಬೇರೆ ಊರು ಎಂಬ ಮಾತಿಗೆ ಈ ಪ್ರದೇಶದಲ್ಲಿ ವಿಶೇಷ ಅರ್ಥವಿದೆ. ಜಮಖಂಡಿಯ ಪ್ರತಿಯೊಂದನ್ನು ಮುಧೋಳದಲ್ಲಿಟ್ಟರೆ ಸಾಕೆಂದು ತೋರಬಹುದು. ಆದರೆ ಮುಧೋಳವು ಘಟಪ್ರಭೆಯ ದಡದಲ್ಲಿದೆ. ಜಮಖಂಡಿ, ರಬಕವಿ-ಬನಹಟ್ಟಿಗಳು ಕೃಷ್ಣೆಗೆ ಹತ್ತಿರದವು. ಬೀಳಗಿ ತಾಲ್ಲೂಕಿನ ಹಲವು ಗ್ರಾಮಗಳನ್ನು ಆಲಮಟ್ಟಿಯ ಹಿನ್ನೀರು ಆವರಿಸಿತು. 2019ರ ಆಗಸ್ಟಿನಲ್ಲಿ ಎರಡೂ ನದಿಗಳು ಒಂದೇ ಕಾಲಕ್ಕೆ ಉಕ್ಕಿ ಹರಿದುವು. ಹೀಗಿರುವಾಗ ಮೂರನೆಯ ಪ್ರತಿಯು ಧಾರವಾಡದಲ್ಲೋ ಶ್ರವಣಬೆಳಗೊಳದಲ್ಲೋ ಇರುವುದು ಲೇಸು. ತೇರದಾಳದ ಬಸದಿಯ ಶಾಸನದಂಥವು ಕಲ್ಲಿನ ಮೇಲಿದ್ದರೂ ಅವುಗಳ ಅಚ್ಚು ಪಡೆದು ದೂರದಲ್ಲಿ ಪ್ರಕಟಿಸುವ ಪದ್ಧತಿಯಿದೆಯಲ್ಲವೆ?

ಕಾಲದ ಅಂತರವೂ ಅಷ್ಟೇ ಮುಖ್ಯ. ಒಂದೇ ಬ್ಯಾಕಪ್ ಇಟ್ಟು ಪ್ರತಿವಾರ ಅದರ ಮೇಲೆಯೇ ಬರೆಯುತ್ತ ಹೋದರೆ, ಆರು ತಿಂಗಳ ಹಿಂದೆ ಆದ ತಪ್ಪು ಅದರಲ್ಲಿಯೂ ಸೇರಿಕೊಂಡಿರುತ್ತದೆ. ಆದ್ದರಿಂದ ವಾರದ್ದು, ತಿಂಗಳಿನದು, ವರ್ಷದ್ದು ಎಂದು ಬೇರೆ ಬೇರೆ ಪ್ರತಿಗಳಿರಬೇಕು. 2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಎಂಬ ದುಷ್ಟ ಕ್ರಮವಿಧಿಯು ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿತು. ಅಂಥ ದಾಳಿಯಲ್ಲಿ ಪ್ರತಿಬಿಂಬಿತ ಡಿಸ್ಕೂ, ಯಂತ್ರಕ್ಕೆ ಸದಾ ಜೋಡಿಸಿಟ್ಟ ಬ್ಯಾಕಪ್ ಡಿಸ್ಕೂ ಒಟ್ಟಿಗೆ ಕೆಡುತ್ತವೆ. ನಕಲು ಮುಗಿದೊಡನೆ ಡಿಸ್ಕನ್ನು ಕಳಚಿ ಬೀರುವಿನಲ್ಲಿಡುವುದೇ ಕ್ಷೇಮ. ಅಂತರಜಾಲದ ಮೂಲಕ ಎರಡು ಊರುಗಳ ಯಂತ್ರಗಳನ್ನು ಸದಾ ಸಮನಾಗಿಡುವ ಸೌಕರ್ಯವೂ, ಹಳೆಯ ಸ್ಥಿತಿಗಳನ್ನು ಉಳಿಸಿಕೊಳ್ಳದಿದ್ದರೆ, ದೂರದ ಕನ್ನಡಿಯೇ ಹೊರತು ಬ್ಯಾಕಪ್ ಅಲ್ಲ.

ಮಾಡಿದ ಪ್ರತಿ ಶುದ್ಧವೇ ಎಂದು ನೋಡುವ ಬಗೆ ಪೂರ್ವಿಕರಿಗೆ ತಿಳಿದಿತ್ತು. 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೊನೆಯಲ್ಲಿ ಗ್ರಂಥಪ್ರಮಾಣವನ್ನು ಬರೆಯುತ್ತಿದ್ದರಷ್ಟೆ. ಬಿಟ್ಟುಹೋದುದು ಅದರಿಂದ ತಿಳಿಯುತ್ತಿತ್ತು. ಒಂದಕ್ಷರಕ್ಕೆ ಬದಲು ಮತ್ತೊಂದಕ್ಷರ ಬಂದುದು ತಿಳಿಯುತ್ತಿರಲಿಲ್ಲ. ಗಣಕಯಂತ್ರದ ಚೆಕ್‌ಸಮ್ ಎಂಬ ಪರಿಶೀಲನಾಂಕವು ಒಂದೇ ಒಂದು ಬಿಟ್ ಪಲ್ಲಟವಾದರೂ ಬೇರೆಯಾಗುತ್ತದೆ. ಪ್ರತಿ ಚಿತ್ರದ ಈ ಅಂಕವನ್ನು ಪಟ್ಟಿಮಾಡಿ ವರ್ಷಕ್ಕೊಮ್ಮೆ ತಾಳೆ ನೋಡಬೇಕು. ಬೀರುವಿನ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಕೆಲವು ಗ್ರಂಥಗಳನ್ನು ತೆರೆದು ಓದಿ ನೋಡುವುದೂ ಅವಶ್ಯ. ತೆರೆದು ನೋಡದ ಬ್ಯಾಕಪ್ಪಿಗೂ ಕಟ್ಟು ಬಿಚ್ಚದ ಓಲೆಗೂ ವ್ಯತ್ಯಾಸವಿಲ್ಲ. ಒಳಗೆ ಗೆದ್ದಲಿದೆಯೋ ಗ್ರಂಥವಿದೆಯೋ ಹೊರಗಿನಿಂದ ತಿಳಿಯದು.

ಹಾಗೆಂದು ಪ್ರತಿಬಿಂಬನವು ವ್ಯರ್ಥವೆಂದಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ತೆಗೆದ ಚಿತ್ರಗಳು ಇನ್ನೂ ಬ್ಯಾಕಪ್ಪಿಗೆ ಸೇರದಿರುವಾಗ ಡಿಸ್ಕ್ ಕೆಟ್ಟರೆ ಆ ದಿನದ ದುಡಿಮೆಯನ್ನು ಅದು ಉಳಿಸುತ್ತದೆ. ಜೀರ್ಣವಾದ ಓಲೆಯನ್ನು ಮತ್ತೊಮ್ಮೆ ಬಿಚ್ಚದೆ ಇರುವಂತಾದರೆ ಅದೂ ಸಣ್ಣ ಲಾಭವಲ್ಲ. ಆದರೆ ಎರಡೇ ಡಿಸ್ಕುಗಳನ್ನು ಕೊಳ್ಳುವಷ್ಟು ಹಣವಿರುವ ಭಂಡಾರವು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವುದಕ್ಕಿಂತ ಒಂದನ್ನು ಕೆಲಸಕ್ಕೂ ಇನ್ನೊಂದನ್ನು ಹೊರಗಿನ ಪ್ರತಿಗೂ ಬಳಸುವುದು ಯುಕ್ತ. ಆ ಹೊರಗಿನ ಡಿಸ್ಕಿನ ಮೇಲೆ ಅಂಟಿಸುವ ಚೀಟಿಯಲ್ಲಿ ಹಳೆಯ ಪುಷ್ಪಿಕೆಗಳಲ್ಲಿರುವಂತೆ ಮಾತೃಕೆ ಯಾವುದು, ಪ್ರತಿ ಮಾಡಿದವರಾರು, ಯಾವ ದಿನ, ಎಷ್ಟು ಗ್ರಂಥಗಳು, ಎಷ್ಟು ಚಿತ್ರಗಳು ಎಂಬುದನ್ನು ಬರೆದು, ಅದನ್ನೇ ಭಂಡಾರದ ದಾಖಲೆ ಪುಸ್ತಕದಲ್ಲಿಯೂ ನಮೂದಿಸಬೇಕು.