ದೇಸೂರಿನ ಕಲ್ಲು, ಖಾನಾಪುರದ ಬಾವಲಿ

ಬೆಳಗಾವಿಯ ಕ್ಯಾಂಪಿನಿಂದ ಖಾನಾಪುರದ ದಾರಿ ಹಿಡಿದರೆ ಪೀರನವಾಡಿ, ಮಚ್ಛೆ ದಾಟಿದ ಮೇಲೆ ದೇಸೂರು ಸಿಗುತ್ತದೆ. ರೈಲಿನವರಿಗೂ ಈ ಹೆಸರಿನ ಪುಟ್ಟ ಸ್ಟೇಷನ್ನು ಗೊತ್ತು. ಭೂವಿಜ್ಞಾನಿಗಳಿಗಂತೂ ಇದು ಬಾಯಿಪಾಠದ ಹೆಸರು. ದಖ್ಖನ್ನಿನ ಲಾವಾ ರಾಶಿಯ ಮೇಲ್ಭಾಗದ ಪದರಗಳನ್ನು ಅವರು ಕೆಳಗಿನಿಂದ ಹೀಗೆ ಎಣಿಸುತ್ತಾರೆ: ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ, ಪನ್ಹಾಳ, ಕಡೆಗೆ ದೇಸೂರು. ಮೊದಲ ನಾಲ್ಕು ಹೆಸರುಗಳು ಮಹಾರಾಷ್ಟ್ರದ ಊರು, ಘಟ್ಟ, ಬೆಟ್ಟಗಳಿಂದ ಬಂದವು. ಎಲ್ಲಕ್ಕೂ ಮೇಲೆ ಕೂತದ್ದು ಬೆಳಗಾವಿ ತಾಲ್ಲೂಕಿನ ಒಂದು ಹಳ್ಳಿ.

1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ವಶವಾದ ನಂತರ ಬೆಳೆದದ್ದು ಕ್ಯಾಂಪು. ಅಲ್ಲಿ ಕಾಲಿಗೆ ಮೆತ್ತುವ ಕೆಂಪು ಮಣ್ಣು ಮೂಲತಃ ಕರಿಕಲ್ಲೇ. ಲಾವಾ ಆರಿ ಗಟ್ಟಿಯಾದ ಬಸಾಲ್ಟನ್ನು ಲಕ್ಷಾಂತರ ವರ್ಷಗಳ ಮಳೆ ತೊಳೆಯಿತು. ಕರಗುವುದೆಲ್ಲ ಹರಿದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದವು. ಕಬ್ಬಿಣ ತುಕ್ಕು ಹಿಡಿದು ಕೆಂಪುಕಲ್ಲಾಯಿತು. ಅಲ್ಯೂಮಿನಿಯಂ ಹೆಚ್ಚು ಕೂಡಿದ ಕಡೆ ಬಾಕ್ಸೈಟ್ ಆಯಿತು. ಯಮನಾಪುರದ ಇಂಡಾಲ್ ಅಲ್ಯೂಮಿನಿಯಂ ಕಾರ್ಖಾನೆ ಬೆಳಗಾವಿಗೆ ಬಂದದ್ದರ ಹಿಂದೆಯೂ ಈ ಮಳೆಯ ಕೆಲಸವಿದೆ.

ಈ ಕಲ್ಲಿಗೆ ವಯಸ್ಸು ಹೇಳಿದವರು ಭೌತವಿಜ್ಞಾನಿಗಳು. ಬಸಾಲ್ಟಿನಲ್ಲಿ ಅಲ್ಪಸ್ವಲ್ಪ ಪೊಟ್ಯಾಸಿಯಂ ಇರುತ್ತದೆ. ಅದರ ಒಂದು ವಿಕಿರಣಶೀಲ ಬಗೆ, ಪೊಟ್ಯಾಸಿಯಂ-40, 125 ಕೋಟಿ ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಕ್ಷಯಿಸುವಾಗ ಒಂದಿಷ್ಟು ಪಾಲು ಆರ್ಗಾನ್ ಅನಿಲವಾಗಿ ಹರಳುಗಳೊಳಗೆ ಸಿಕ್ಕಿಕೊಳ್ಳುತ್ತದೆ. ಕಲ್ಲನ್ನು ಕಾಯಿಸಿ ಆ ಅನಿಲವನ್ನು ಅಳೆದರೆ ಲಾವಾ ಗಟ್ಟಿಯಾದ ಕಾಲ ತಿಳಿಯುತ್ತದೆ. ಇನ್ನೊಂದು ದಾರಿಯೂ ಇದೆ. ಎರಡು ಲಾವಾ ಹರಿವುಗಳ ನಡುವಿನ ಬಿಡುವಿನಲ್ಲಿ ಕೂಡಿಕೊಂಡ ಕೆಂಪು ಮಣ್ಣಿನಲ್ಲಿ ಜಿರ್ಕಾನ್ ಎಂಬ ಸೂಕ್ಷ್ಮ ಹರಳುಗಳು ಸಿಗುತ್ತವೆ. ಅವುಗಳೊಳಗೆ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ನೋಡುತ್ತಾರೆ.

2019ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆ ಈ ಎರಡು ದಾರಿಗಳ ಎರಡು ಪ್ರಬಂಧಗಳನ್ನು ಜೊತೆಯಲ್ಲೇ ಪ್ರಕಟಿಸಿತು. ಪ್ರಿನ್ಸ್‌ಟನ್ನಿನ ಬ್ಲೇರ್ ಶೋನೆ ತಂಡ ಜಿರ್ಕಾನ್ ಹಿಡಿದಿತ್ತು. ಬರ್ಕ್ಲಿಯಲ್ಲಿ ಕೆಲಸ ಮಾಡಿದ್ದ ಕರ್ಟ್ನಿ ಸ್ಪ್ರೇನ್ ತಂಡ ಆರ್ಗಾನ್ ಹಿಡಿದಿತ್ತು. ಲಾವಾದ ಬಹುಪಾಲು ಹತ್ತು ಲಕ್ಷ ವರ್ಷಗಳೊಳಗೇ ಉಕ್ಕಿತೆಂಬುದರಲ್ಲಿ ಇಬ್ಬರಿಗೂ ಒಮ್ಮತ. ಜಗಳ ಬಂದದ್ದು ಡೈನೋಸಾರ್‌ಗಳ ವಿಷಯಕ್ಕೆ. 6.6 ಕೋಟಿ ವರ್ಷಗಳ ಹಿಂದೆ ಅವು ಅಳಿಯುವ ಕೆಲವು ಹತ್ತು ಸಾವಿರ ವರ್ಷ ಮೊದಲೇ ಲಾವಾದ ದೊಡ್ಡ ಅಲೆಯೊಂದು ಶುರುವಾಗಿತ್ತು, ಅದಕ್ಕೂ ಹೊಣೆಯಿದೆ ಎಂದಿತು ಶೋನೆ ತಂಡ. ಸುಮಾರು ಮುಕ್ಕಾಲು ಪಾಲು ಲಾವಾ ಬಂದದ್ದೇ ಅಳಿವಿನ ನಂತರ ಎಂದಿತು ಸ್ಪ್ರೇನ್ ತಂಡ. ಮೆಕ್ಸಿಕೋದ ಚಿಕ್ಸುಲೂಬ್‌ಗೆ ಅಪ್ಪಳಿಸಿದ ಕ್ಷುದ್ರಗ್ರಹದ ಪಾಲೆಷ್ಟು, ದಖ್ಖನ್ನಿನ ಪಾಲೆಷ್ಟು ಎಂಬ ವಾದ ಇವತ್ತಿಗೂ ನಿಂತಿಲ್ಲ. ಆದರೆ ಇಬ್ಬರಲ್ಲಿ ಯಾರ ಲೆಕ್ಕ ಹಿಡಿದರೂ ಮಹಾಬಳೇಶ್ವರದ ಪದರ ಅಳಿವಿನ ನಂತರದ್ದು. ದೇಸೂರು ಅದಕ್ಕೂ ಮೇಲಿನದು. ನಮ್ಮ ಲಾವಾ ಹರಿದು ಬಂದಾಗ ಡೈನೋಸಾರ್‌ಗಳ ಕಾಲ ಮುಗಿದಿತ್ತು. ತೆರವಾದ ಜಗತ್ತಿನಲ್ಲಿ ಪುಟ್ಟ ಸಸ್ತನಿಗಳು ಹರಡಿಕೊಳ್ಳುತ್ತಿದ್ದವು. ದೇಸೂರು ಸ್ಟೇಷನ್ನಿನಲ್ಲಿ ಊರಿನ ಹೆಸರಿನ ಪಕ್ಕ ಇದನ್ನು ಹೇಳುವ ಇನ್ನೊಂದು ಹಲಗೆ ನಿಲ್ಲಬೇಕೆಂದು ನನಗೆ ಬಹಳ ಆಸೆ. ಶಾಲೆಯ ಮಕ್ಕಳು ಓದಲಿ.

ಆ ಸಸ್ತನಿಗಳ ವಂಶದಲ್ಲಿ ಹಾರಲು ಕಲಿತದ್ದು ಬಾವಲಿ ಒಂದೇ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಿಂದಿನ ಬಾವಲಿಗಳ ಪಳೆಯುಳಿಕೆ ಸಿಕ್ಕಿದೆ. ಅದೂ ಒಂದಲ್ಲ, ಏಳು ಜಾತಿಯವು. ಖಾನಾಪುರದ ಕಾಡಿಗೂ ಈ ಕಥೆಯಲ್ಲಿ ಪಾಲಿದೆ. ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯವರಿಗೆ ದೊಡ್ಡ ಕಿವಿಯ ಬಾವಲಿಯೊಂದು ಸಿಕ್ಕಿತು. 1913ರಲ್ಲಿ ಪ್ರಾಣಿವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ರಾಟನ್ ಎಂಬ ಅಧಿಕಾರಿಯ ಹೆಸರಿಟ್ಟರು. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಾಣಿಸಿಕೊಳ್ಳುವವರೆಗೆ, ಅಂದರೆ ಎಂಟು ದಶಕಗಳಿಗೂ ಹೆಚ್ಚು ಕಾಲ, ಜಗತ್ತಿಗೆ ಗೊತ್ತಿದ್ದ ಅದರ ಮನೆ ಇದೊಂದೇ.

ಈಗ ಜೀವಕೋಶ ವಿಜ್ಞಾನ ಬಾವಲಿಗಳ ಬೆನ್ನು ಹತ್ತಿದೆ. ಹಾರುವಾಗ ಅವುಗಳ ಜೀವಕೋಶಗಳು ವಿಪರೀತ ಶಕ್ತಿ ಸುಡುತ್ತವೆ. ಆ ದಣಿವಿನಲ್ಲಿ ಡಿಎನ್‌ಎ ಹಾಳಾಗಿ, ಚೂರುಗಳು ಇರಬಾರದ ಜಾಗಕ್ಕೆ ಬಂದು ಬೀಳುತ್ತವೆ. ನಮ್ಮ ದೇಹದಲ್ಲಾದರೆ ಸ್ಟಿಂಗ್ ಎಂಬ ಪ್ರೋಟೀನು ಅದನ್ನು ವೈರಾಣು ದಾಳಿಯೆಂದೇ ಬಗೆದು ಉರಿಯೂತ ಎಬ್ಬಿಸುತ್ತದೆ. ವುಹಾನ್‌ನ ಸಂಶೋಧಕರು 2018ರಲ್ಲಿ 30 ಜಾತಿಯ ಬಾವಲಿಗಳನ್ನು ಹೋಲಿಸಿ ನೋಡಿದರು. ಸ್ಟಿಂಗ್‌ನ 358ನೆಯ ಸ್ಥಾನದಲ್ಲಿ ಇರಬೇಕಾದ ಸೆರೀನ್ ಎಂಬ ಅಮೈನೊ ಆಮ್ಲ ಯಾವುದರಲ್ಲೂ ಇರಲಿಲ್ಲ. ಅದನ್ನು ಮರಳಿ ಸೇರಿಸಿದಾಗ ಜೀವಕೋಶದ ಪ್ರತಿರೋಧ ಜೋರಾಯಿತು. ಮರುವರ್ಷ ಸಿಂಗಪುರದ ತಂಡ ಉರಿಯೂತ ಎಬ್ಬಿಸುವ ಇನ್ನೊಂದು ಪ್ರೋಟೀನೂ ಬಾವಲಿಗಳಲ್ಲಿ ತಣ್ಣಗಿರುವುದನ್ನು ತೋರಿಸಿತು. ವೈರಾಣುಗಳನ್ನು ಹೊತ್ತೂ ಬಾವಲಿ ಸಾಯದೆ ಬಾಳುವುದಕ್ಕೆ ಇವೆಲ್ಲ ಕಾರಣಗಳಿರಬಹುದು. ನಮ್ಮ ಸಂಧಿವಾತ, ಮುಪ್ಪಿನ ಉರಿಯೂತಗಳಿಗೂ ಇಲ್ಲಿಂದ ದಾರಿ ಸಿಗಬಹುದೆಂಬ ನಿರೀಕ್ಷೆಯಿದೆ.

ಹಿಂದೆ ವನ್ಯಜೀವಿ ಕಾಯ್ದೆ ಹಣ್ಣು ತಿನ್ನುವ ಬಾವಲಿಗಳನ್ನು ಪೀಡಕ ಪ್ರಾಣಿಗಳ ಪಟ್ಟಿಗೆ ತಳ್ಳಿತ್ತು. ಆದರೆ ರಾಟನ್‌ನ ಬಾವಲಿಗೆ ಹುಲಿಯ ಜೊತೆ ಮೊದಲ ಪರಿಶಿಷ್ಟದಲ್ಲಿ ಜಾಗ ಸಿಕ್ಕಿತು. 2011ರಲ್ಲಿ ಖಾನಾಪುರದ ಭೀಮಗಡ ಕಾಡು ಅಭಯಾರಣ್ಯವಾದಾಗ ಬಾರಾಪೇಡೆ ಗುಹೆಗಳಿಗೂ ಆಸರೆಯಾಯಿತು. ಬಾವಲಿಯ ಜೀವಕೋಶ ಓದಲು ಇಂದು ಅದನ್ನು ಕೊಲ್ಲಬೇಕಿಲ್ಲ. ರೆಕ್ಕೆಯ ಪೊರೆಯಿಂದ ಕೆಲವು ಮಿಲಿಮೀಟರ್ ಅಗಲದ ಚೂರು ತೆಗೆದರೆ ಪ್ರಯೋಗಾಲಯದಲ್ಲಿ ಬೆಳೆಸಬಹುದು, ಗಾಯವೂ ಮಾಯುತ್ತದೆ. ಬೆಳಗಾವಿಯಲ್ಲಿಯೇ ವೈದ್ಯಕೀಯ ಕಾಲೇಜುಗಳಿವೆ, ಐಸಿಎಂಆರ್ ಸಂಸ್ಥೆಯಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಈ ಕೆಲಸವನ್ನು ಇಲ್ಲಿಯವರೇ ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ಟಾರ್ಚು ಹಿಡಿದು ಗುಹೆ ನೋಡಲು ಹೊರಡುವ ಹುಮ್ಮಸ್ಸನ್ನು ಚಾರಣಿಗರು ತಡೆದುಕೊಳ್ಳಬೇಕು. ಹಗಲಿಡೀ ಗುಂಪಾಗಿ ನೇತಾಡುವ ಬಾವಲಿಗಳು ಬೆಳಕಿಗೆ, ಗದ್ದಲಕ್ಕೆ ಬೆದರಿದರೆ ಗುಹೆಯನ್ನೇ ಬಿಟ್ಟುಹೋಗುತ್ತವೆ.