ನಸುಗುನ್ನಿ ತುರಿಕೆಗೆ ಮಾತ್ರೆ ಯಾಕೆ ನಾಟುವುದಿಲ್ಲ?

ಪ್ರಶ್ನೆ: ಬೇಲಿ ಸವರುವಾಗ ನಸುಗುನ್ನಿ ಸೋಕಿತು. ಅಲರ್ಜಿ ಮಾತ್ರೆ ನುಂಗಿದರೂ ತುರಿಕೆ ಇಳಿಯಲಿಲ್ಲ. ಏಕೆ?

ಉತ್ತರ: ಆ ಮಾತ್ರೆ ತಡೆಯುವುದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು. ನಸುಗುನ್ನಿಯ ತುರಿಕೆ ಹೆಚ್ಚಾಗಿ ಬೇರೆ ದಾರಿಯಲ್ಲಿ ಬರುತ್ತದೆ. ಅವರೆಯ ಕುಟುಂಬದ ಈ ಕಾಡುಬಳ್ಳಿಯ ಕಾಯಿ ಸೊಟ್ಟಗಿದ್ದು, ಮೈತುಂಬ ಹೊಂಬಣ್ಣದ ರೋಮ ಹೊತ್ತಿರುತ್ತದೆ. ಒಣಗಿದ ಕಾಯಿ ಅಲುಗಿದರೆ ಸಾಕು, ರೋಮ ಉದುರಿ ಗಾಳಿಗೂ ಹಾರುತ್ತದೆ. ಪ್ರತಿ ರೋಮವೂ ಚೂಪಾದ ಮುಳ್ಳು; ಅದರಲ್ಲಿ ಮುಕುನೈನ್ ಎಂಬ ಕಿಣ್ವವಿದೆ. ಚರ್ಮಕ್ಕೆ ಚುಚ್ಚಿಕೊಂಡೊಡನೆ ಅದು ನರತುದಿಗಳನ್ನು ನೇರವಾಗಿ ಕೆಣಕುತ್ತದೆ. ಚೆನ್ನಾಗಿ ಕಾಯಿಸಿದರೆ ಕಿಣ್ವ ಕೆಡುತ್ತದೆ. ಆಮೇಲೆ ಅದೇ ರೋಮ ಚುಚ್ಚಿದರೂ ತುರಿಸದು!

ಮತ್ತೊಮ್ಮೆ ಸೋಕಿದರೆ ಕೆರೆಯಬೇಡಿ, ಮುಳ್ಳು ಇನ್ನೂ ಒಳಗಿಳಿಯುತ್ತದೆ. ಅಂಟುಪಟ್ಟಿ ಒತ್ತಿ ಕಿತ್ತು, ಸೋಪು ಹಾಕಿ ತೊಳೆಯಿರಿ. ಬಟ್ಟೆಯನ್ನೂ ಒಗೆಯಿರಿ.

ಇಷ್ಟು ಕಾಡುವ ಕಾಯಿಯ ಬೀಜ ಮಾತ್ರ ಬೇರೆಯೇ ಸರಕು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ಅದರಲ್ಲಿದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಈ ಬೀಜದಿಂದ ಬೇರ್ಪಡಿಸಿದರು. ಹಾಗೆಂದು ಬೀಜ ಪುಡಿಮಾಡಿ ತಿನ್ನಲು ಹೋಗಬೇಡಿ, ವಾಂತಿ ಗ್ಯಾರಂಟಿ ಎನ್ನದಿದ್ದರೂ ಸಾಧ್ಯತೆ ಉಂಟು.